ಗೋಷೆಯೊಳಗಿನವರ ವಕೀಲರು: ಕುಮಾರಿ ಕಾರ್ನೇಲಿಯಾ ಸೊರಾಬಜಿ

ಕಾಯಿದೆಯು ಪುಸ್ತಕದಲ್ಲಿದ್ದ ಮಾತ್ರಕ್ಕೆ ನ್ಯಾಯವು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದಿಲ್ಲ. ಒಳಗಿದ್ದವರು ಹೊರಗೆ ಬರಲಾರದವರೂ, ಹೊರಗಿದ್ದವರು ಒಳಗೆ ಕಾಲಿಡಲಾಗದವರೂ ಆಗಿರುವಾಗ, ಕಾಯಿದೆಯು ಎಷ್ಟು ಉದಾರವಾಗಿದ್ದರೂ ಅದರಿಂದ ಯಾರಿಗೇನು ಪ್ರಯೋಜನ? ಈ ಪ್ರಶ್ನೆಯನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಅಧಿಕಾರಾರೂಢರ ಮುಂದೆ ಇಟ್ಟು, ತಮ್ಮ ದೀರ್ಘ ಸೇವೆಯಿಂದಲೇ ಅದಕ್ಕೆ ಉತ್ತರ ಕೊಟ್ಟ ಒಬ್ಬ ಮಹಿಳೆಯ ಚರಿತ್ರೆಯನ್ನು ಇಂದು ವಾಚಕರ ಮುಂದೆ ಇಡಬಯಸುತ್ತೇವೆ. ಅವರೇ ಹಿಂದುಸ್ಥಾನದ ಪ್ರಥಮ ಮಹಿಳಾ ನ್ಯಾಯವಾದಿಗಳೆಂದು ಪ್ರಸಿದ್ಧರಾದ ಕುಮಾರಿ ಕಾರ್ನೇಲಿಯಾ ಸೊರಾಬಜಿಯವರು.

ಅವರ ರಾಜಕೀಯ ಮತವು ದೇಶದ ಸ್ವಾತಂತ್ರ್ಯದ ಆಕಾಂಕ್ಷೆಗೆ ವಿರುದ್ಧವಾಗಿದ್ದಿತು. ಅದನ್ನು ಮೊದಲೇ ಹೇಳಿಬಿಡುವುದು ಲೇಸು. ಆದರೆ ಒಬ್ಬರ ಮತವನ್ನು ನಿರಾಕರಿಸುವ ಭರದಲ್ಲಿ ಅವರ ಸತ್ಕಾರ್ಯವನ್ನೂ ಮರೆತರೆ ನಷ್ಟವು ಅವರಿಗಲ್ಲ, ನಮಗೇ. ನಿರಾಶ್ರಿತೆಯಾದ ಸ್ತ್ರೀಗೂ ಅನಾಥ ಬಾಲಕನಿಗೂ ಆದ ಉಪಕಾರಕ್ಕೆ ಪಕ್ಷಭೇದವಿಲ್ಲ.

ಕುಮಾರಿ ಸೊರಾಬಜಿಯವರು 1866ನೆಯ ಇಸವಿಯ ನವಂಬರ 15ರಂದು ನಾಸಿಕದಲ್ಲಿ ಜನಿಸಿದರು. ತಂದೆ ಸೊರಾಬಜಿ ಖರಸೇಟಜಿಯವರು ಪಾರಸಿ ಕುಲದಲ್ಲಿ ಹುಟ್ಟಿ ಕ್ರೈಸ್ತ ಮತವನ್ನು ಸ್ವೀಕರಿಸಿದ ಪಾದ್ರಿಗಳು. ತಾಯಿ ಫ್ರಾನ್ಸಿನಾ ಅವರು ಒಂದು ಆಂಗ್ಲ ದಂಪತಿಗಳ ದತ್ತಪುತ್ರಿಯಾಗಿ ಬೆಳೆದು, ಮುಂದೆ ಪುಣೆಯಲ್ಲಿ ಶಾಲೆಗಳನ್ನು ಸ್ಥಾಪಿಸಿದ ಸಾಧ್ವಿ. ಕುಮಾರಿಯವರ ಬಾಲ್ಯದ ಮೊದಲ ದಿನಗಳು ಕಳೆದುದು ನಮ್ಮ ಬೆಳಗಾಂವಿಯಲ್ಲಿ. ತರುವಾಯ ಕುಟುಂಬವು ಪುಣೆಯಲ್ಲಿ ನೆಲೆಸಿತು. ಆ ಮನೆಯ ಹೆಣ್ಣುಮಕ್ಕಳಿಗೆ ವಿದ್ಯೆಯು ಅಲಂಕಾರವಲ್ಲ, ಸೇವೆಯ ಸಾಧನವೆಂಬ ಸಂಸ್ಕಾರವು ದೊರಕಿತು. ಒಬ್ಬ ಸೋದರಿ ಸೂಸಿಯವರು ಶಿಕ್ಷಣಕ್ಕೂ, ಇನ್ನೊಬ್ಬ ಸೋದರಿ ಆಲಿಸರು ವೈದ್ಯಕ್ಕೂ ತಮ್ಮ ಜೀವನವನ್ನು ಮುಡುಪಿಟ್ಟರು. ಕಾರ್ನೇಲಿಯಾ ಅವರು ಆರಿಸಿಕೊಂಡುದು ಯಾವ ಸ್ತ್ರೀಯೂ ಅದುವರೆಗೆ ತುಳಿಯದಿದ್ದ ದಾರಿಯನ್ನು.

ಆ ಆಯ್ಕೆಗೆ ಕಾರಣವಾದ ಒಂದು ಪ್ರಸಂಗವನ್ನು ಅವರು ತಮ್ಮ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ. ಅವರಿನ್ನೂ ಬಾಲಿಕೆಯಾಗಿದ್ದಾಗ ಗುಜರಾತದ ಕಡೆಯ ಒಬ್ಬ ವಿಧವೆಯು ಅವರ ತಾಯಿಯ ಬಳಿಗೆ ದುಃಖವನ್ನು ತೋಡಿಕೊಳ್ಳಲು ಬಂದಳು. ಆಕೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದ ಕಾರಭಾರಿಯೇ ಆಕೆಯನ್ನು ವಂಚಿಸಿ, ಆಸ್ತಿಯನ್ನು ತನ್ನದಾಗಿ ಮಾಡಿಕೊಂಡಿದ್ದನು. ಸಹಿಯು ಆಕೆಯದೇ, ಆದರೆ ಕಾಗದದಲ್ಲಿ ಏನಿದ್ದಿತೆಂಬುದನ್ನು ಆಕೆಗೆ ಹೇಳಿದವರಿಲ್ಲ. ಇಂಥವರಿಗೆ ನೆರವಾಗಬೇಕಾದರೆ ಕಾಯಿದೆಯನ್ನು ಓದಬೇಕೆಂದು ತಾಯಿಯು ಮಗಳಿಗೆ ತಿಳಿಯಹೇಳಿದರು. ಆ ಮಾತು ಮಗುವಿನ ಮನಸ್ಸಿನಲ್ಲಿ ಬೇರೂರಿತು.

ಪುಣೆಯ ಡೆಕ್ಕನ್ ಕಾಲೇಜಿಗೆ ಅವರು ಸೇರಿದಾಗ ಅಲ್ಲಿ ಬೇರೊಬ್ಬ ವಿದ್ಯಾರ್ಥಿನಿಯಿರಲಿಲ್ಲ. ಪದವಿ ಪರೀಕ್ಷೆಯಲ್ಲಿ ಉಚ್ಚ ಸ್ಥಾನವನ್ನು ಪಡೆದು, ಅವರು ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರೆಯೆನಿಸಿದರು. ಅಂಥ ಯಶಸ್ಸಿಗೆ ಇಂಗ್ಲಂಡಿಗೆ ಹೋಗಿ ಓದಲು ಸರಕಾರದ ವಿದ್ಯಾರ್ಥಿವೇತನವು ಸಲ್ಲಬೇಕಾಗಿದ್ದಿತು; ಸ್ತ್ರೀಯೆಂಬ ಒಂದೇ ಕಾರಣದಿಂದ ಅದು ಅವರಿಗೆ ದೊರೆಯಲಿಲ್ಲ. ಕುಮಾರಿಯವರು ಎದೆಗುಂದದೆ ಅಹಮದಾಬಾದದ ಗುಜರಾತ ಕಾಲೇಜಿನಲ್ಲಿ ಗಂಡುಹುಡುಗರಿಗೆ ಪಾಠ ಹೇಳುವ ಕೆಲಸವನ್ನು ಕೈಕೊಂಡರು. ಈ ಅನ್ಯಾಯದ ವಾರ್ತೆಯು ಇಂಗ್ಲಂಡಿಗೆ ಮುಟ್ಟಲು, ಲೇಡಿ ಹಾಬ್‌ಹೌಸ್ ಮೊದಲಾದವರು ನಿಧಿಯನ್ನು ಕೂಡಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಅವರೂ, ಕಾಂಗ್ರೆಸ್ಸಿನ ಹಿತಚಿಂತಕರಾದ ಸರ್ ವಿಲಿಯಂ ವೆಡರ್‌ಬರ್ನ್ ಅವರೂ ಅದಕ್ಕೆ ನೆರವಾದರು.

ಹೀಗೆ 1889ರಲ್ಲಿ ಅವರು ಆಕ್ಸಫರ್ಡಿನ ಸೋಮರ್‌ವಿಲ್ ವಿದ್ಯಾಲಯವನ್ನು ಸೇರಿದರು. ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾದ ಜೋವೆಟ್ ಪಂಡಿತರು ಅವರಿಗೆ ಗುರುಗಳಂತೆ ಬೆಂಬಲವಾಗಿ ನಿಂತರು. ಆದರೆ ಕಾಯಿದೆಯ ಉಚ್ಚ ಪರೀಕ್ಷೆಯಾದ ಬಿ. ಸಿ. ಎಲ್. ಪರೀಕ್ಷೆಗೆ ಸ್ತ್ರೀಯೊಬ್ಬಳು ಕುಳಿತ ಉದಾಹರಣೆಯೇ ಇರಲಿಲ್ಲ. ವಿಶ್ವವಿದ್ಯಾಲಯದ ಸಭೆಯು ವಿಶೇಷ ನಿರ್ಣಯದಿಂದ ಅನುಮತಿಯನ್ನಿತ್ತ ಮೇಲೆ 1892ರಲ್ಲಿ ಅವರು ಆ ಪರೀಕ್ಷೆಯನ್ನು ಮುಗಿಸಿದರು. ಪರೀಕ್ಷೆಯು ಮುಗಿಯಿತು, ಪದವಿಯು ಮಾತ್ರ ದೊರೆಯಲಿಲ್ಲ! ಆಕ್ಸಫರ್ಡು ಸ್ತ್ರೀಯರಿಗೆ ಪದವಿಗಳನ್ನು ಕೊಡಲಾರಂಭಿಸಿದುದು 1920ರಲ್ಲಿ. ಕುಮಾರಿಯವರ ಪದವಿಯು ಅವರ ಕೈಸೇರಿದುದು 1922ರಲ್ಲಿ, ಎಂದರೆ ಪರೀಕ್ಷೆಯಾದ ಮೂವತ್ತು ವರ್ಷಗಳ ಮೇಲೆ.

ಸ್ವದೇಶಕ್ಕೆ ಮರಳಿದ ಮೇಲೆಯೂ ಇದೇ ಕಥೆ. 1897ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಲ್‌ಎಲ್. ಬಿ. ಪರೀಕ್ಷೆಯನ್ನೂ, 1899ರಲ್ಲಿ ಅಲಹಾಬಾದ ಹೈಕೋರ್ಟಿನ ವಕೀಲಿ ಪರೀಕ್ಷೆಯನ್ನೂ ಅವರು ಕೊಟ್ಟರು. ಎರಡರಲ್ಲಿಯೂ ತೇರ್ಗಡೆಯಾದರೂ ವಕೀಲರ ಪಟ್ಟಿಯಲ್ಲಿ ಹೆಸರನ್ನು ಬರೆಯಿಸಿಕೊಳ್ಳುವ ಹಕ್ಕು ಬರಲಿಲ್ಲ. 1896ರಲ್ಲಿ ಪುಣೆಯ ಕೋರ್ಟಿನಲ್ಲಿ ಗಂಡನನ್ನು ಕೊಂದಳೆಂಬ ಆರೋಪಕ್ಕೆ ಗುರಿಯಾದ ಸ್ತ್ರೀಯೊಬ್ಬಳ ಪರವಾಗಿ ಅವರು ವಾದಿಸಿದರು. ಕೋರ್ಟಿನ ಅನುಮತಿಯಿದ್ದರೆ ವಕೀಲನಲ್ಲದ ವ್ಯಕ್ತಿಯೂ ಆರೋಪಿಯ ಪರವಾಗಿ ನಿಲ್ಲಬಹುದೆಂದು ಫೌಜದಾರಿ ಸಂಹಿತೆಯಲ್ಲಿದ್ದ ಒಂದು ಸಣ್ಣ ಅವಕಾಶವೇ ಅವರಿಗೆ ಬಾಗಿಲಾಯಿತು. ಆದರೆ ಇಂಥ ಅವಕಾಶವು ನ್ಯಾಯಾಧೀಶರ ದಯೆಯೇ ಹೊರತು ಹಕ್ಕಲ್ಲ.

ಈ ಅವಧಿಯಲ್ಲಿ ಕಾಠೇವಾಡ, ಇಂದೂರ ಮುಂತಾದ ಸಂಸ್ಥಾನಗಳ ಸಂಬಂಧದಿಂದ ಅವರಿಗೆ ಗೋಷಾ ಸ್ತ್ರೀಯರ ನಿಜವಾದ ಸ್ಥಿತಿಯು ತಿಳಿದುಬಂದಿತು. ಅವರ ಮುಂದಿನ ಕಾರ್ಯದ ಮಹತ್ವವೆಲ್ಲ ಅಡಗಿರುವುದು ಈ ತಿಳಿವಳಿಕೆಯಲ್ಲಿಯೇ ಆದುದರಿಂದ ಅದನ್ನು ಕೊಂಚ ವಿಸ್ತರಿಸಿ ಹೇಳುವುದು ಅವಶ್ಯ.

ದೇಶಾಚಾರದಂತೆ ಹೊರಗೆ ಮುಖವನ್ನು ತೋರದ ಸ್ತ್ರೀಯರು ಕೋರ್ಟಿಗೆ ಖುದ್ದಾಗಿ ಹಾಜರಾಗಬೇಕಾಗಿಲ್ಲವೆಂದು ದಿವಾಣಿ ಸಂಹಿತೆಯು ವಿನಾಯಿತಿಯನ್ನು ಕೊಟ್ಟಿದ್ದಿತು. ಗೋಷಾ ಸ್ತ್ರೀಯು ಬರೆದುಕೊಟ್ಟ ಪತ್ರವು ಸಿಂಧುವಾಗಬೇಕಾದರೆ, ಅದರ ಅರ್ಥವು ಆಕೆಗೆ ಚೆನ್ನಾಗಿ ತಿಳಿದಿದ್ದಿತೆಂದು ಲಾಭ ಪಡೆದವನೇ ರುಜುವಾತು ಪಡಿಸಬೇಕೆಂದು ಪ್ರಿವಿ ಕೌನ್ಸಿಲು ಅನೇಕ ತೀರ್ಪುಗಳಲ್ಲಿ ಹೇಳಿದ್ದಿತು. ಆಕೆಗೆ ಸ್ವತಂತ್ರವಾದ ಸಲಹೆಯು ದೊರೆತಿದ್ದಿತೇ ಎಂಬುದನ್ನೂ ಕೋರ್ಟುಗಳು ವಿಚಾರಿಸುತ್ತಿದ್ದವು. ಕಾಯಿದೆಯು ಇಷ್ಟು ದಯಾಪರವಾಗಿದ್ದಿತು. ಆದರೆ ಆ ಸ್ವತಂತ್ರ ಸಲಹೆಯನ್ನು ಕೊಡುವವರಾರು? ವಕೀಲರೆಲ್ಲರೂ ಪುರುಷರು. ಅಂತಃಪುರಕ್ಕೆ ಅವರಿಗೆ ಪ್ರವೇಶವಿಲ್ಲ. ಪರದೆಯ ಹಿಂದಿನ ಧ್ವನಿಯು ಯಾರದೆಂಬುದು ಸಹ ಅವರಿಗೆ ನಿಶ್ಚಯವಿಲ್ಲ. ರಾಣಿಯ ಮಾತನ್ನು ವಕೀಲನಿಗೂ, ವಕೀಲನ ಮಾತನ್ನು ರಾಣಿಗೂ ಮುಟ್ಟಿಸುವವನು ಕಾರಭಾರಿ. ಯಾವನ ವಿರುದ್ಧ ದೂರು ಹೇಳಬೇಕೋ ಅವನೇ ದೂತ! ಹೀಗಾಗಿ ಕಾಯಿದೆಯು ಕರುಣೆಯಿಂದ ಕೊಟ್ಟ ವಿನಾಯಿತಿಯು ಅಬಲೆಯ ಪಾಲಿಗೆ ಮತ್ತೊಂದು ಗೋಡೆಯಾಯಿತು.

ಮಕ್ಕಳ ಸ್ಥಿತಿಯು ಇದಕ್ಕಿಂತಲೂ ಶೋಚನೀಯ. ಅಜ್ಞಾನ ವಯಸ್ಸಿನ ಬಾಲಕನು ತಾನಾಗಿ ದಾವೆಯನ್ನು ಹೂಡಲಾರನು. ಅವನ ಪರವಾಗಿ ವಯಸ್ಕನೊಬ್ಬನು ಮುಂದೆ ಬರಬೇಕು. ತಂದೆಯನ್ನು ಕಳೆದುಕೊಂಡು ದೊಡ್ಡ ಜಮೀನ್ದಾರಿಗೆ ಹಕ್ಕುದಾರನಾದ ಐದಾರು ವರ್ಷದ ಕೂಸಿಗೆ, ಹಾಗೆ ಮುಂದೆ ಬರುವವನೇ ಅನೇಕ ವೇಳೆ ಅದರ ಆಸ್ತಿಯ ಮೇಲೆ ಕಣ್ಣಿಟ್ಟ ದಾಯಾದಿಯಾಗಿರುವನು. ಆ ಮಗುವು ಬದುಕಿದ್ದರೆ ಒಬ್ಬನಿಗೆ ಲಾಭ, ಸತ್ತರೆ ಮತ್ತೊಬ್ಬನಿಗೆ ಲಾಭ. ಇಂಥ ಬಾಲಕರ ಅನ್ನಪಾನಗಳಲ್ಲಿ ವಿಷದ ಭಯವಿದ್ದ ಸಂದರ್ಭಗಳನ್ನು ಕುಮಾರಿಯವರು ತಮ್ಮ ಬರಹಗಳಲ್ಲಿ ವಿವರಿಸಿದ್ದಾರೆ. ಇಂಥ ಎಸ್ಟೇಟುಗಳನ್ನು ಸರಕಾರವು ಕೋರ್ಟ್ ಆಫ್ ವಾರ್ಡ್ಸ್ ಎಂಬ ಇಲಾಖೆಯ ಮೂಲಕ ತನ್ನ ಆಡಳಿತಕ್ಕೆ ತೆಗೆದುಕೊಳ್ಳುತ್ತಿದ್ದುದು ನಿಜ. ಬಂಗಾಲದಲ್ಲಿ ಇದಕ್ಕಾಗಿ 1879ರಲ್ಲಿಯೇ ಕಾಯಿದೆಯಾಗಿದ್ದಿತು. ಸಾಮಾನ್ಯ ಬಾಲಕರು ಹದಿನೆಂಟು ವರ್ಷಕ್ಕೆ ವಯಸ್ಕರಾದರೆ, ಈ ಬಾಲಕರು ಇಪ್ಪತ್ತೊಂದು ವರ್ಷದವರೆಗೆ ಸರಕಾರದ ಪಾಲನೆಯಲ್ಲಿರಬೇಕಾಗಿದ್ದಿತು. ಆದರೆ ಕಲೆಕ್ಟರ ಸಾಹೇಬರಿಗೆ ಎಸ್ಟೇಟಿನ ಕಂದಾಯದ ಲೆಕ್ಕವು ಕಾಣುತ್ತಿದ್ದಿತೇ ಹೊರತು, ಒಳಮನೆಯಲ್ಲಿ ಮಗುವು ಏನನ್ನು ಉಂಡಿತು, ಯಾರ ಕೈಯಿಂದ ಉಂಡಿತು, ಅಕ್ಷರವನ್ನು ಕಲಿಯಿತೋ ಇಲ್ಲವೋ ಎಂಬುದು ಕಾಣುವಂತಿರಲಿಲ್ಲ.

ಈ ಕೊರತೆಯನ್ನು ತುಂಬಲು ಒಂದೇ ಉಪಾಯವೆಂದು ಕುಮಾರಿಯವರು ಕಂಡುಕೊಂಡರು. ಕಾಯಿದೆಯನ್ನು ಬಲ್ಲ ಸ್ತ್ರೀಯೊಬ್ಬಳನ್ನು ಸರಕಾರವು ನಿಯಮಿಸಬೇಕು. ಆಕೆಯು ಅಂತಃಪುರದೊಳಗೆ ಹೋಗಿ, ಸ್ತ್ರೀಯರ ಹಾಗೂ ಮಕ್ಕಳ ಅಹವಾಲನ್ನು ಅವರ ಬಾಯಿಂದಲೇ ಕೇಳಿ, ಅಧಿಕಾರಿಗಳಿಗೆ ಮುಟ್ಟಿಸಬೇಕು. 1902ರಿಂದ ಅವರು ಲಂಡನ್ನಿನ ಇಂಡಿಯಾ ಆಫೀಸಿಗೆ ಈ ಕುರಿತು ಮನವಿಗಳನ್ನು ಸಲ್ಲಿಸತೊಡಗಿದರು. ಕೊನೆಗೆ 1904ರಲ್ಲಿ ಬಂಗಾಲದ ಕೋರ್ಟ್ ಆಫ್ ವಾರ್ಡ್ಸ್ ಇಲಾಖೆಯಲ್ಲಿ ಮಹಿಳಾ ಸಹಾಯಕರೆಂಬ ಹುದ್ದೆಗೆ ಅವರು ನಿಯಮಿತರಾದರು. 1907ರ ಹೊತ್ತಿಗೆ ಬಂಗಾಲ, ಬಿಹಾರ, ಓಡಿಸಾ, ಆಸಾಮ ಪ್ರಾಂತಗಳು ಅವರ ಕಾರ್ಯಕ್ಷೇತ್ರವಾದವು.

ಆ ಹುದ್ದೆಯ ಕೆಲಸವು ಮೇಜಿನ ಮುಂದೆ ಕುಳಿತು ಮಾಡುವಂಥದಾಗಿರಲಿಲ್ಲ. ರೈಲು ಮುಟ್ಟದ ಊರುಗಳಿಗೆ ದೋಣಿಯಲ್ಲಿಯೋ ಪಾಲಕಿಯಲ್ಲಿಯೋ ಆನೆಯ ಮೇಲೆಯೋ ಹೋಗಬೇಕು. ಅತ್ತೆಗೂ ಸೊಸೆಗೂ ಹತ್ತಿದ ವ್ಯಾಜ್ಯವನ್ನು ಕೋರ್ಟಿಗೆ ಹೋಗಗೊಡದೆ ತೀರಿಸಬೇಕು. ವಿಧವೆಗೆ ಸಲ್ಲಬೇಕಾದ ಜೀವನಾಂಶವು ನಡುವಿನವರ ಪಾಲಾಗದಂತೆ ನೋಡಬೇಕು. ದತ್ತಕದ ಪ್ರಶ್ನೆಯಲ್ಲಿ ಶಾಸ್ತ್ರವೇನು, ಕಾಯಿದೆಯೇನು ಎಂಬುದನ್ನು ಓದುಬಾರದವರಿಗೂ ತಿಳಿಯುವಂತೆ ಹೇಳಬೇಕು. ಹೆಬ್ಬೆಟ್ಟನ್ನೊತ್ತುವ ಮೊದಲು ಕಾಗದವನ್ನು ಓದಿ ತೋರಿಸಬೇಕು. ಬಾಲಕರಿಗೆ ಉಪಾಧ್ಯಾಯರನ್ನೂ, ರೋಗಿಗಳಿಗೆ ವೈದ್ಯರನ್ನೂ ಗೊತ್ತುಪಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಲೆತಲಾಂತರದಿಂದ ಹೊರಗಿನವರನ್ನು ನಂಬದ ಆ ಸ್ತ್ರೀಯರ ವಿಶ್ವಾಸವನ್ನು ಗಳಿಸಬೇಕು. ಅನ್ಯಮತದವರಾದ ಕುಮಾರಿಯವರು ಮಡಿಯ ಮನೆಗಳಲ್ಲಿ ಅವರವರ ಆಚಾರವನ್ನು ಗೌರವಿಸಿ ನಡೆದುಕೊಂಡುದರಿಂದಲೇ ಆ ಬಾಗಿಲುಗಳು ಅವರಿಗೆ ತೆರೆದವು. ಇಪ್ಪತ್ತು ವರ್ಷಗಳ ಅವಧಿಯಲ್ಲಿ 600ಕ್ಕೂ ಮಿಕ್ಕಿದ ಸ್ತ್ರೀಯರಿಗೂ ಅನಾಥ ಮಕ್ಕಳಿಗೂ ಅವರು ನೆರವಾದರೆಂದು ಅಂದಾಜು. ಕೆಲವರಿಗೆ ಶುಲ್ಕವನ್ನೇ ಪಡೆಯಲಿಲ್ಲ. 1909ರಲ್ಲಿ ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಸುವರ್ಣ ಪದಕವನ್ನಿತ್ತಿತು.

ಪದಕವನ್ನು ಕೊಟ್ಟ ಸರಕಾರವು ವಕಾಲತ್ತಿನ ಹಕ್ಕನ್ನು ಕೊಡಲಿಲ್ಲವೆಂಬುದನ್ನು ಗಮನಿಸಬೇಕು. ಯಾರ ಪ್ರಕರಣದ ಎಳೆಎಳೆಯನ್ನೂ ಅವರು ಬಲ್ಲವರಾಗಿದ್ದರೋ ಅಂಥವರ ಪರವಾಗಿ ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವ ಅಧಿಕಾರವು ಅವರಿಗಿರಲಿಲ್ಲ. ಇತರ ವಿದ್ಯಾವತಿಯರ ಪಾಡೂ ಅದೇ. 1916ರಲ್ಲಿ ಕಲಕತ್ತೆಯ ಹೈಕೋರ್ಟು ರೆಜಿನಾ ಗುಹಾ ಅವರ ಅರ್ಜಿಯನ್ನೂ, ತರುವಾಯ ಪಾಟ್ನಾ ಹೈಕೋರ್ಟು ಸುಧಾಂಶುಬಾಲಾ ಹಾಜರಾ ಅವರ ಅರ್ಜಿಯನ್ನೂ ತಳ್ಳಿಹಾಕಿದವು. ಕಾಯಿದೆಯಲ್ಲಿದ್ದ ವ್ಯಕ್ತಿಯೆಂಬ ಶಬ್ದದಲ್ಲಿ ಸ್ತ್ರೀಯು ಸೇರುವಳೇ ಎಂಬುದು ಆಗ ಪಂಡಿತರ ಚರ್ಚೆಗೆ ವಿಷಯವಾಗಿದ್ದಿತು! ಇಂಗ್ಲಂಡಿನಲ್ಲಿ 1919ರ ಕಾಯಿದೆಯು ಸ್ತ್ರೀಯರ ಅನರ್ಹತೆಯನ್ನು ತೆಗೆದುಹಾಕಿದ ಮೇಲೆ ಇಲ್ಲಿಯೂ ಗಾಳಿಯು ತಿರುಗಿತು. 1921ರಲ್ಲಿ ಅಲಹಾಬಾದ ಹೈಕೋರ್ಟು ಕುಮಾರಿಯವರ ಹೆಸರನ್ನು ವಕೀಲರ ಪಟ್ಟಿಯಲ್ಲಿ ಸೇರಿಸಿಕೊಂಡಿತು. 1923ರಲ್ಲಿ ಶಾಸನವಾಗಿ, ಸ್ತ್ರೀಯೆಂಬ ಕಾರಣಕ್ಕೆ ಯಾರನ್ನೂ ವಕೀಲಿ ವೃತ್ತಿಯಿಂದ ಹೊರಗಿಡಕೂಡದೆಂದು ದೇಶಕ್ಕೆಲ್ಲ ಸಾರಲ್ಪಟ್ಟಿತು. ಮರುವರ್ಷ ಅವರು ಕಲಕತ್ತೆಯಲ್ಲಿ ವೃತ್ತಿಯನ್ನು ಆರಂಭಿಸಿದರು. ಆಗ ಅವರಿಗೆ ಐವತ್ತೇಳು ವರ್ಷ. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸು. ಅಲ್ಲಿಯೂ ಸಹೋದ್ಯೋಗಿಗಳ ಪೂರ್ವಗ್ರಹದ ದೆಸೆಯಿಂದ ಅವರ ಪಾಲಿಗೆ ಬಹುಮಟ್ಟಿಗೆ ಬಂದುದು ಪ್ರಕರಣಗಳ ಮೇಲೆ ಅಭಿಪ್ರಾಯವನ್ನು ಬರೆದುಕೊಡುವ ಕೆಲಸವೇ. 1929ರಲ್ಲಿ ಅವರು ನಿವೃತ್ತರಾಗಿ ಲಂಡನ್ನಿನಲ್ಲಿ ನೆಲೆಸಿದರು.

ಇನ್ನು ಅವರ ರಾಜಕೀಯದ ಮಾತು. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗಲಾರದು. ಆಂಗ್ಲ ಮಿತ್ರರ ಸಹಾಯದಿಂದ ಮೇಲೆ ಬಂದ ಅವರು ಆಂಗ್ಲ ಪ್ರಭುತ್ವವೇ ದುರ್ಬಲರಿಗೆ ದಿಕ್ಕೆಂದು ನಂಬಿದರು. ಗಾಂಧೀಜಿಯವರ ಚಳವಳಿಯನ್ನು ಬರಹದಲ್ಲಿಯೂ ಭಾಷಣದಲ್ಲಿಯೂ ಖಂಡಿಸಿದರು. 1927ರಲ್ಲಿ ಕ್ಯಾಥರೀನ್ ಮೇಯೋ ಎಂಬ ಅಮೇರಿಕದ ಲೇಖಕಿಯು ಹಿಂದುಸ್ಥಾನವನ್ನು ಹೀಗಳೆದು ಬರೆದ ಮದರ್ ಇಂಡಿಯಾ ಎಂಬ ಪುಸ್ತಕವು ಪ್ರಕಟವಾಗಿ ದೇಶವೆಲ್ಲ ನೊಂದಾಗ, ಇವರು ಅದರ ಪಕ್ಷವನ್ನು ವಹಿಸಿದರು. ಪರಿಣಾಮವು ಅವರ ಕಾರ್ಯಕ್ಕೇ ಮಾರಕವಾಯಿತು. ಸ್ತ್ರೀಯರ ಹಾಗೂ ಶಿಶುಗಳ ಆರೋಗ್ಯಕ್ಕಾಗಿ, ಶಿಕ್ಷಣಕ್ಕಾಗಿ ಅವರು ಕಟ್ಟಲೆತ್ನಿಸಿದ ಸೇವಾಕಾರ್ಯಗಳಿಂದ ಸುಶಿಕ್ಷಿತ ಮಹಿಳೆಯರು ದೂರ ಸರಿದರು. ಒಂದೊಂದು ಮನೆಯ ವಿಶ್ವಾಸವನ್ನು ತಾಳ್ಮೆಯಿಂದ ಗಳಿಸಿದ್ದ ಅವರು, ಆ ಮನೆಗಳೆಲ್ಲ ಕೂಡಿ ಆದ ದೇಶದ ವಿಶ್ವಾಸವನ್ನು ಕಳೆದುಕೊಂಡರು.

ಅವರ ನಂಬಿಕೆಯಲ್ಲಿ ಎಲ್ಲಿ ದೋಷವಿದ್ದಿತು? ಅದನ್ನು ತೋರಿಸಲು ಅವರ ಚರಿತ್ರೆಯೇ ಸಾಕು. ವಿದ್ಯಾರ್ಥಿವೇತನವನ್ನು ನಿರಾಕರಿಸಿದುದು ಅದೇ ಪ್ರಭುತ್ವ. ಪರೀಕ್ಷೆಗಳಲ್ಲಿ ಗೆದ್ದವರನ್ನು ಎರಡು ದಶಕಗಳಿಗೂ ಮೀರಿ ಹೊರಗೆ ನಿಲ್ಲಿಸಿದುದು ಅದರವೇ ಕೋರ್ಟುಗಳು. ಅದು ಕೊಟ್ಟ ರಕ್ಷಣೆಯೂ ಕಂದಾಯ ಸಲ್ಲಿಸುವ ದೊಡ್ಡ ಎಸ್ಟೇಟುಗಳ ಹಕ್ಕುದಾರರಿಗೆ ದೊರೆಯಿತೇ ಹೊರತು, ಆ ಎಸ್ಟೇಟಿನ ಗದ್ದೆಗಳಲ್ಲಿ ದುಡಿಯುವ ರೈತನ ಅನಾಥ ಮಗುವಿಗಲ್ಲ. ದಯೆಯು ಅಧಿಕಾರಿಯ ಇಚ್ಛೆಯನ್ನು ಅವಲಂಬಿಸಿರುವವರೆಗೆ ಅದರ ಕೈಗೆ ಸಿಕ್ಕವರು ಕೆಲವರೇ. ಎಲ್ಲ ಮಕ್ಕಳಿಗೂ ಅದು ಹಕ್ಕಾಗಬೇಕಾದರೆ ಪ್ರಜೆಗಳೇ ಶಾಸನಕರ್ತರಾಗಬೇಕು.

ಆ ದಿನವು ಬಂದುದನ್ನು ಅವರು ದೂರದಿಂದ ನೋಡಿದರು. 1954ರ ಜುಲೈ 6ರಂದು ಲಂಡನ್ನಿನಲ್ಲಿ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು. 2012ರಲ್ಲಿ ಅಲ್ಲಿಯ ಲಿಂಕನ್ಸ್ ಇನ್ನಿನಲ್ಲಿ ಅವರ ಅರ್ಧಪ್ರತಿಮೆಯನ್ನು ಸ್ಥಾಪಿಸಲಾಯಿತು.

ಅವರು ಎತ್ತಿದ ಪ್ರಶ್ನೆಯು ಮಾತ್ರ ಅವರೊಡನೆ ಅಳಿಯಲಿಲ್ಲ. ಜಮೀನ್ದಾರಿಗಳು ಹೋದವು, ಆದರೆ ತನ್ನ ನೋವನ್ನು ತಾನು ಹೇಳಿಕೊಳ್ಳಲಾರದ ಮಗುವು ಹೋಗಲಿಲ್ಲ. ಸ್ವತಂತ್ರ ಭಾರತವು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಿಂದ ಸ್ತ್ರೀಯರಿಗೂ ಮಕ್ಕಳಿಗೂ ಉಚಿತವಾಗಿ ವಕೀಲರ ನೆರವನ್ನು ಹಕ್ಕನ್ನಾಗಿ ಮಾಡಿತು. 2015ರ ಬಾಲನ್ಯಾಯ ಕಾಯಿದೆಯಂತೆ ಜಿಲ್ಲೆಗಳಲ್ಲಿ ಇರಬೇಕಾದ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಮಹಿಳೆಯಾದರೂ ಸದಸ್ಯೆಯಾಗಿರಲೇಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯಿದೆಯಂತೂ, ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಇಚ್ಛಿಸಿದ ಸ್ಥಳದಲ್ಲಿಯೋ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಪೋಲೀಸ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕೆಂದು ವಿಧಿಸುತ್ತದೆ. ಮಗುವು ಕೋರ್ಟನ್ನು ಹುಡುಕಿಕೊಂಡು ಹೋಗುವುದಲ್ಲ, ಕಾಯಿದೆಯೇ ಮಗುವಿದ್ದಲ್ಲಿಗೆ ನಡೆದು ಬರಬೇಕು. ಕುಮಾರಿ ಸೊರಾಬಜಿಯವರು ಪಾಲಕಿಯಲ್ಲಿ ಕುಳಿತು ಮಾಡುತ್ತಿದ್ದುದು ಇದನ್ನೇ ಅಲ್ಲವೇ?

ಆದರೆ ಶಾಸನವು ತಾನಾಗಿ ನಡೆಯಲಾರದು. ಅದಕ್ಕೆ ಕಾಲುಗಳಾಗಬೇಕಾದವರು ಮನುಷ್ಯರು. ಸಮಿತಿಯ ಸ್ಥಾನವು ಖಾಲಿ ಬಿದ್ದಿದ್ದರೆ, ನೇಮಿತ ವಕೀಲನು ಕಡತವನ್ನು ಓದದೆ ಬಂದರೆ, ಅಧಿಕಾರಿಯು ಮಗುವನ್ನೇ ಠಾಣೆಗೆ ಕರೆಯಿಸಿಕೊಂಡರೆ, ಹೊಸ ಕಾಯಿದೆಗೂ ಹಳೆಯ ಪರದೆಗೂ ಏನು ಭೇದ? ನಮ್ಮ ಜಿಲ್ಲೆಗಳ ಅಧಿಕಾರಿಗಳೂ ವಕೀಲ ಬಂಧುಗಳೂ ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಇಷ್ಟೇ: ಅವರ ರಾಜನಿಷ್ಠೆಯನ್ನು ಅವರಿಗೇ ಬಿಟ್ಟುಬಿಡೋಣ, ಮುಚ್ಚಿದ ಬಾಗಿಲಿನವರೆಗೆ ನಡೆದು ಹೋಗಿ, ಕಾಗದವನ್ನು ಓದಿ ಹೇಳಿ, ಆ ಮೇಲೆ ಸಹಿಯನ್ನು ಕೇಳುವ ಅವರ ಪದ್ಧತಿಯನ್ನು ಮಾತ್ರ ಬಿಡದಿರೋಣ.